ಕಾಲೇಜಿನ ಲೈಂಗಿಕ ಕಿರುಕುಳದ ದೂರು: ಹೊರಗಿನ ಕನ್ಸಲ್ಟೆಂಟ್‌ಗೆ ಎಷ್ಟು ವಹಿಸಬಹುದು?

2025ರ ಜುಲೈನಲ್ಲಿ ಒಡಿಶಾದ ಬಾಲಸೋರ್‌ನ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಪ್ರಾಣ ಕಳೆದುಕೊಂಡಳು. ವಿಭಾಗದ ಮುಖ್ಯಸ್ಥರ ಮೇಲೆ ಅವಳು ಲೈಂಗಿಕ ಕಿರುಕುಳದ ದೂರು ಕೊಟ್ಟಿದ್ದಳು. ಆ ಕಾಲೇಜಿನಲ್ಲಿ ದೂರು ಸಮಿತಿ ಇರಲಿಲ್ಲವೆಂದಲ್ಲ, ಅವಳ ದೂರು ಅದರ ಮುಂದೆ ಹೋಗಿಯೂ ಇತ್ತು. ಆದರೂ ತನ್ನ ಮಾತು ಯಾರ ಕಿವಿಗೂ ಬೀಳುತ್ತಿಲ್ಲ ಎಂಬ ಸ್ಥಿತಿಗೆ ಅವಳು ಬಂದು ನಿಂತಳು.

ಇಂಥ ಸುದ್ದಿ ಬಂದಾಗಲೆಲ್ಲ ಬೆಂಗಳೂರಿನ ಕಾಲೇಜುಗಳ ಆಡಳಿತ ಮಂಡಳಿಗಳಿಗೆ ತಮ್ಮ ಸಮಿತಿ ಸರಿಯಿದೆಯೇ ಎಂಬ ಅಳುಕು ಹುಟ್ಟುತ್ತದೆ. ಅದರ ಬೆನ್ನಿಗೇ, ಈ ಕೆಲಸ ಗೊತ್ತಿರುವ ಹೊರಗಿನವರಿಗೆ ವಹಿಸಿಬಿಟ್ಟರೆ ಹೇಗೆ ಎಂಬ ಯೋಚನೆ ಬರುತ್ತದೆ. ಈ ಊರಿನಲ್ಲಿ ಹಾಗೆ ವಹಿಸಿಕೊಳ್ಳುವವರಿಗೆ ಕೊರತೆಯಿಲ್ಲ. ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ಸ್ ಸಿಟಿಯ ಕಂಪನಿಗಳಿಗೆ ತರಬೇತಿ ಕೊಟ್ಟು ಬೆಳೆದ ಸಂಸ್ಥೆಗಳು, ವಕೀಲರ ಕಚೇರಿಗಳು, ಸ್ವಯಂಸೇವಾ ಸಂಸ್ಥೆಗಳು ಈಗ ಕಾಲೇಜುಗಳ ಕೆಲಸವನ್ನೂ ಒಪ್ಪಿಕೊಳ್ಳುತ್ತಿವೆ. ಆದರೆ ‘ಹೊರಗಿನ ತಜ್ಞರ ನೆರವು ಪಡೆಯುತ್ತಿದ್ದೇವೆ’ ಎಂದು ಕಾಲೇಜೊಂದು ಹೇಳಿದಾಗ ಪೋಷಕರಿಗೂ ವಿದ್ಯಾರ್ಥಿಗಳಿಗೂ ಸ್ಪಷ್ಟವಾಗದ ಸಂಗತಿಗಳು ಹಲವಿವೆ. ವಿಚಾರಣೆ ಮಾಡುವುದು ಅವರೇ? ಅವರು ಯಾರ ಪರ? ಅವರು ಕೊಟ್ಟ ವರದಿಗೆ ಕಾನೂನಿನ ಬಲವಿದೆಯೇ? ಉತ್ತರ ಬೇಕೆಂದರೆ ಸುಮಾರು ಮೂರು ದಶಕ ಹಿಂದಕ್ಕೆ ಹೋಗಬೇಕು.

ಹೊರಗಿನವರು ಬೇಕೆಂದು ಮೊದಲು ಹೇಳಿದ್ದು ಸುಪ್ರೀಂ ಕೋರ್ಟ್

ದೂರು ಸಮಿತಿಯಲ್ಲಿ ಸಂಸ್ಥೆಗೆ ಸಂಬಂಧಪಡದ ಒಬ್ಬರು ಇರಬೇಕು ಎಂಬುದು ಕನ್ಸಲ್ಟೆಂಟ್‌ಗಳು ಕಂಡುಕೊಂಡ ಮಾತಲ್ಲ. 1997ರ ಆಗಸ್ಟ್‌ನಲ್ಲಿ, ಕೆಲಸದ ಸ್ಥಳದ ಲೈಂಗಿಕ ಕಿರುಕುಳದ ಬಗೆಗಿನ ವಿಶಾಖಾ ತೀರ್ಪು ಕೊಟ್ಟಾಗ ಸುಪ್ರೀಂ ಕೋರ್ಟ್ ಅದನ್ನು ಹೇಳಿತು, ಕಾರಣವನ್ನೂ ಕೊಟ್ಟಿತು: ಮೇಲಧಿಕಾರಿಗಳಿಂದ ಒತ್ತಡ, ಪ್ರಭಾವ ಬಾರದಂತೆ ತಡೆಯಲು ಸಮಿತಿಯಲ್ಲಿ ಹೊರಗಿನ ಸಂಸ್ಥೆಯೊಂದರ ಪಾಲು ಇರಬೇಕು. ಈ ಕಾರಣವನ್ನು ನೆನಪಿಟ್ಟುಕೊಳ್ಳಬೇಕು. ಹೊರಗಿನ ವ್ಯಕ್ತಿ ಬರುವುದು ಆಡಳಿತಕ್ಕೆ ಅನುಕೂಲ ಮಾಡಿಕೊಡಲು ಅಲ್ಲ, ಆಡಳಿತದ ಕೈ ಸಮಿತಿಯ ಮೇಲೆ ಬೀಳದಂತೆ ನೋಡಿಕೊಳ್ಳಲು.

ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ, ಅಂದರೆ ಕಂಪನಿಗಳಲ್ಲಿ ‘ಪೋಶ್’ ಎಂದೇ ಕರೆಯುವ ಕಾಯ್ದೆ, ಅದೇ ಏರ್ಪಾಡನ್ನು ಶಾಸನವಾಗಿಸಿತು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ ಸಂಸ್ಥೆಯ ಒಳಗೇ ದೂರು ಸಮಿತಿ, ಅಂದರೆ ಆಂತರಿಕ ಸಮಿತಿ ಇರಬೇಕು, ಹಿರಿಯ ಹುದ್ದೆಯ ಮಹಿಳೆ ಅಧ್ಯಕ್ಷತೆ ವಹಿಸಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಒಬ್ಬರು ಹೊರಗಿನವರಾಗಿರಬೇಕು. ಹೀಗೆ ಬರುವ ಸ್ವಯಂಸೇವಾ ಸಂಸ್ಥೆಯ ಸದಸ್ಯರಿಗೆ ನಿಯಮಾವಳಿ ನಿಗದಿ ಮಾಡಿದ ಭತ್ಯೆ ಎಷ್ಟು ಗೊತ್ತೇ? ಕಲಾಪ ನಡೆದ ದಿನಕ್ಕೆ 200 ರೂಪಾಯಿ, ಜೊತೆಗೆ ಪ್ರಯಾಣದ ಖರ್ಚು. ಜಯನಗರದಲ್ಲಿರುವವರು ಯಲಹಂಕದ ಆಚೆಯ ಕಾಲೇಜಿಗೆ ಹೋಗಿ ಬರುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ಸೇವಾ ಮನೋಭಾವದ ಮೇಲೆ ನಿಲ್ಲಿಸಿದ ಹುದ್ದೆ ಇದು. ಹುದ್ದೆಗೆ ತಕ್ಕ ಸಂಭಾವನೆಯನ್ನು ಶಾಸನ ಇಡದೇ ಹೋದ ಆ ಜಾಗಕ್ಕೆ ಪ್ಯಾಕೇಜ್ ಮಾರುವವರು ಬಂದರು: ನೀತಿ ಬರೆದುಕೊಡುವುದು, ವರ್ಷಕ್ಕೊಮ್ಮೆ ತರಬೇತಿ, ಪೋಸ್ಟರ್, ವಾರ್ಷಿಕ ವರದಿ, ಇವೆಲ್ಲದರ ಜೊತೆಗೆ ಸಮಿತಿಗೊಬ್ಬ ಹೊರಗಿನ ಸದಸ್ಯರು. ಇಲ್ಲಿಗೆ ಒಂದು ಎಳೆ ಗಂಟುಬಿತ್ತು. ಆಡಳಿತದ ಪ್ರಭಾವವನ್ನು ತಡೆಯಬೇಕಾದ ವ್ಯಕ್ತಿ, ಆಡಳಿತದಿಂದ ವಾರ್ಷಿಕ ಶುಲ್ಕ ಪಡೆಯುವ ಸಂಸ್ಥೆಯ ಪ್ರತಿನಿಧಿಯಾಗಿಬಿಟ್ಟರು.

ಕಾಲೇಜಿಗೆ ಕಂಪನಿಯ ಅಚ್ಚು ಹೊಂದುವುದಿಲ್ಲ

ಉನ್ನತ ಶಿಕ್ಷಣ ಸಂಸ್ಥೆಗಳಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯೂ ಅನ್ವಯಿಸುತ್ತದೆ. 2016ರ ಮೇ ತಿಂಗಳಲ್ಲಿ ಅದು ಅಧಿಸೂಚನೆಯಾಯಿತು. ಅದರ ಬೇಡಿಕೆಗಳು ಕಂಪನಿಗಳಿಗಿಂತ ಹೆಚ್ಚು. ಕಾಲೇಜಾದರೆ ಅಧ್ಯಕ್ಷೆ ಅಸೋಸಿಯೇಟ್ ಪ್ರೊಫೆಸರ್ ದರ್ಜೆಗಿಂತ ಕೆಳಗಿನವರಾಗಿರಬಾರದು, ವಿಶ್ವವಿದ್ಯಾಲಯವಾದರೆ ಪ್ರೊಫೆಸರ್ ಆಗಿರಬೇಕು. ಇಬ್ಬರು ಅಧ್ಯಾಪಕರು, ಇಬ್ಬರು ಬೋಧಕೇತರ ಸಿಬ್ಬಂದಿ, ಒಬ್ಬರು ಹೊರಗಿನವರು. ದೂರು ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದರೆ ಮೂವರು ವಿದ್ಯಾರ್ಥಿಗಳೂ ಇರಬೇಕು, ಅವರು ಪಾರದರ್ಶಕ ಚುನಾವಣೆಯಿಂದ ಬಂದವರಾಗಿರಬೇಕು. ಕುಲಪತಿ, ಕುಲಸಚಿವರು, ಡೀನ್, ವಿಭಾಗ ಮುಖ್ಯಸ್ಥರಂಥ ಅಧಿಕಾರಸ್ಥರು ಸಮಿತಿಯಲ್ಲಿ ಇರುವಂತಿಲ್ಲ.

ಈಗ ಇದನ್ನು ನಗರದ ಒಂದು ಮಧ್ಯಮ ಗಾತ್ರದ ಖಾಸಗಿ ಪದವಿ ಕಾಲೇಜಿನಲ್ಲಿ ಇಟ್ಟು ನೋಡಿ. ಕಾಯಂ ಅಧ್ಯಾಪಕರು ಬೆರಳೆಣಿಕೆಯಷ್ಟಿರಬಹುದು. ಇದ್ದ ಹಿರಿಯ ಮಹಿಳೆಯೇ ವಿಭಾಗದ ಮುಖ್ಯಸ್ಥೆಯೂ ಆಗಿರುತ್ತಾರೆ. ಅತಿಥಿ ಉಪನ್ಯಾಸಕಿಗೆ ಮುಂದಿನ ವರ್ಷ ತನಗೆ ಕೆಲಸ ಉಳಿಯುತ್ತದೆಯೇ ಎಂಬ ಚಿಂತೆ. ವಿದ್ಯಾರ್ಥಿ ಸದಸ್ಯರ ಚುನಾವಣೆ ಎಂದರೆ, ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ದಶಕಗಳಿಂದ ಇಲ್ಲ. ಕ್ಲಾಸ್ ರೆಪ್ರೆಸೆಂಟೇಟಿವ್‌ಗಳಲ್ಲಿ ಮೂವರ ಹೆಸರನ್ನು ಪ್ರಾಂಶುಪಾಲರು ಬರೆದುಬಿಟ್ಟರೆ ನಿಯಮದ ಆಶಯ ಅಲ್ಲಿಗೇ ಕೆಟ್ಟಿತು.

ಕಿರುಕುಳದ ಸ್ವರೂಪವೂ ಬೇರೆ. ಕಂಪನಿಯ ಸ್ಲೈಡ್‌ನಲ್ಲಿ ಮ್ಯಾನೇಜರ್, ಬಡ್ತಿ, ಆಫೀಸ್ ಪಾರ್ಟಿಯ ಉದಾಹರಣೆಗಳಿರುತ್ತವೆ. ಕಾಲೇಜಿನಲ್ಲಿ ಅಧಿಕಾರ ಕೂತಿರುವುದು ಇಂಟರ್ನಲ್ಸ್ ಅಂಕಗಳಲ್ಲಿ, ಹಾಜರಾತಿ ಕಡಿಮೆಯಾದಾಗ ಬೇಕಾಗುವ ಸಹಿಯಲ್ಲಿ, ಪ್ರಾಕ್ಟಿಕಲ್ ವೈವಾದಲ್ಲಿ. ಪಿಎಚ್‌ಡಿ ಮಾಡುವವಳಿಗಾದರೆ ಗೈಡ್ ಒಬ್ಬರ ಕೈಯಲ್ಲೇ ನಾಲ್ಕೈದು ವರ್ಷದ ಬದುಕು. ರಾತ್ರಿ ಹನ್ನೊಂದಕ್ಕೆ ‘ಪ್ರಾಜೆಕ್ಟ್ ಎಲ್ಲಿಗೆ ಬಂತು’ ಎಂದು ಶುರುವಾಗುವ ವಾಟ್ಸ್ಆ್ಯಪ್ ಮಾತು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಕಾರ್ಪೊರೇಟ್ ತರಬೇತಿ ಹೇಳಿಕೊಡುವುದಿಲ್ಲ. ಇನ್ನು, ಶೌಚಾಲಯ ತೊಳೆಯುವ, ಹಾಸ್ಟೆಲ್ ಅಡುಗೆ ಮಾಡುವ ಮಹಿಳೆಯರೂ ಈ ಕಾಯ್ದೆಯ ರಕ್ಷಣೆಗೆ ಒಳಪಟ್ಟವರು. ಅವರನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸಿ ಒಂದು ಗಂಟೆ ಇಂಗ್ಲಿಷ್‌ನಲ್ಲಿ ಮಾತನಾಡಿ ಸಹಿ ಪಡೆದರೆ ಅದನ್ನು ತರಬೇತಿ ಎನ್ನಲಾಗದು.

ನೆರವು ಬೇಕು ಎನ್ನುವವರು

ಕನ್ಸಲ್ಟೆಂಟ್‌ಗಳ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. ಸಮಿತಿಯ ಸದಸ್ಯರು ಭೌತಶಾಸ್ತ್ರ, ವಾಣಿಜ್ಯ, ಕನ್ನಡ ಪಾಠ ಮಾಡುವವರು. ಸಾಕ್ಷಿಯ ಹೇಳಿಕೆ ಬರೆದುಕೊಳ್ಳುವುದು, ಎದುರಿನವರಿಗೆ ದಾಖಲೆಗಳ ಪ್ರತಿ ಕೊಡುವುದು, ಪಾಟಿ ಸವಾಲಿಗೆ ಅವಕಾಶ ಮಾಡುವಾಗ ದೂರುದಾರೆಯನ್ನು ಆರೋಪಿತನ ಮುಂದೆ ಕೂರಿಸದೆ ಪ್ರಶ್ನೆಗಳನ್ನು ಬರಹದಲ್ಲಿ ದಾಟಿಸುವುದು, ಇವು ಯಾವುದೂ ಅವರಿಗೆ ಅಭ್ಯಾಸವಿಲ್ಲ. ಅಭ್ಯಾಸವಿಲ್ಲದ ಸಮಿತಿಯಿಂದ ಎರಡೂ ಕಡೆಯವರಿಗೆ ಅನ್ಯಾಯವಾಗುತ್ತದೆ.

ಎಷ್ಟು ಅನ್ಯಾಯ ಎಂಬುದಕ್ಕೆ ಗೋವಾ ವಿಶ್ವವಿದ್ಯಾಲಯದ ಪ್ರಕರಣ ನೋಡಬೇಕು. ಅಲ್ಲಿನ ಪ್ರಾಧ್ಯಾಪಕರೊಬ್ಬರ ವಿರುದ್ಧ 2009ರಲ್ಲಿ ದೂರುಗಳು ಬಂದವು. ಸಮಿತಿ ಬೆನ್ನುಬೆನ್ನಿಗೆ ಸಭೆ ನಡೆಸಿ ಆತುರದಲ್ಲಿ ವಿಚಾರಣೆ ಮುಗಿಸಿತು. ಪ್ರಾಧ್ಯಾಪಕರ ಕೆಲಸ ಹೋಯಿತು, ಪ್ರಕರಣ ನ್ಯಾಯಾಲಯದ ಮೆಟ್ಟಿಲೇರಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್, ಇಷ್ಟು ಆತುರದಲ್ಲಿ ಆರೋಪಿತರಿಗೆ ತಮ್ಮ ವಾದ ಹೇಳಿಕೊಳ್ಳುವ ನ್ಯಾಯಯುತ ಅವಕಾಶ ಸಿಗಲಿಲ್ಲವೆಂದು ಆ ಆದೇಶವನ್ನು ರದ್ದು ಮಾಡಿ, ವಿಚಾರಣೆಯನ್ನು ಮತ್ತೆ ಸಮಿತಿಗೇ ಕಳಿಸಿತು. ಹದಿನಾಲ್ಕು ವರ್ಷಗಳ ನಂತರ! ದೂರು ಕೊಟ್ಟಾಗ ವಿದ್ಯಾರ್ಥಿನಿಯಾಗಿದ್ದವಳು ಅಷ್ಟರಲ್ಲಿ ಬದುಕಿನ ಯಾವ ಘಟ್ಟದಲ್ಲಿರುತ್ತಾಳೋ, ಅವಳು ಮತ್ತೆ ವಿಚಾರಣೆಗೆ ಬರಬೇಕು. ವಿಧಾನದಲ್ಲಿ ಆದ ತಪ್ಪಿನ ಬೆಲೆಯನ್ನು ಕೊನೆಗೆ ತೆರುವುದು ದೂರುದಾರೆಯೇ. ತಿಳಿದವರು ಪಕ್ಕದಲ್ಲಿದ್ದು ‘ಇಷ್ಟು ಆತುರ ಬೇಡ, ಒಂದು ದಿನಾಂಕ ಕೊಡಿ’ ಎಂದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂಬ ವಾದದಲ್ಲಿ ಹುರುಳಿದೆ.

ಆ ತೀರ್ಪಿನ ಮುಂದುವರಿಕೆಯಾಗಿ 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಮತ್ತಷ್ಟು ನಿರ್ದೇಶನ ಕೊಟ್ಟಿತು. ಜಿಲ್ಲಾ ಅಧಿಕಾರಿಗಳನ್ನು ನೇಮಿಸಬೇಕು, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗಳನ್ನು ರಚಿಸಬೇಕು, ಆಂತರಿಕ ಸಮಿತಿಗಳ ವಿವರ ಶೀ-ಬಾಕ್ಸ್ ಎಂಬ ಕೇಂದ್ರ ಸರ್ಕಾರದ ದೂರು ಪೋರ್ಟಲ್‌ಗೆ ಸೇರಬೇಕು ಎಂಬುದು ಅದರ ಸಾರ. ಹೀಗೆ ಮೇಲಿನಿಂದ ಲೆಕ್ಕ ಕೇಳುವುದು ಹೆಚ್ಚಿದಂತೆ ಕೆಳಗೆ ಲೆಕ್ಕ ಬರೆದುಕೊಡುವವರ ಬೇಡಿಕೆಯೂ ಹೆಚ್ಚುವುದು ಸಹಜ.

ಬೇಡ ಎನ್ನುವವರು

ವಿರೋಧಿಸುವವರ ಮೊದಲ ಮಾತು: ಕೊಳ್ಳುತ್ತಿರುವುದು ಕಾಗದ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಮಾನ್ಯತೆಗೆ ಸಂಬಂಧಿಸಿದ ದಾಖಲೆಗಳಲ್ಲಿ ಲೈಂಗಿಕ ಕಿರುಕುಳವೂ ಸೇರಿದಂತೆ ವಿದ್ಯಾರ್ಥಿಗಳ ಅಹವಾಲು ಪರಿಹಾರಕ್ಕೆ ಏನೇನು ವ್ಯವಸ್ಥೆಯಿದೆ ಎಂದು ತೋರಿಸಬೇಕು. ಸಮಿತಿಯ ಆದೇಶದ ಪ್ರತಿ, ಕಾರ್ಯಾಗಾರದ ಫೋಟೊ, ಹಾಜರಿ ಪಟ್ಟಿ ಇದ್ದರೆ ಫೈಲು ಗಟ್ಟಿ. ದೂರು ಕೊಟ್ಟ ಹುಡುಗಿ ಆಮೇಲೆ ತರಗತಿಗೆ ಬಂದಳೇ, ಅವಳ ಅಂಕ ಯಾರು ಹಾಕಿದರು ಎಂಬುದನ್ನು ಆ ಫೈಲು ಹೇಳುವುದಿಲ್ಲ. ಕೇಳುವವರು ಯಾವುದನ್ನು ಕೇಳುತ್ತಾರೋ ಮಾರುವವರು ಅದನ್ನೇ ಮಾರುತ್ತಾರೆ.

ಎರಡನೆಯದು ಹೆಚ್ಚು ಆಳದ್ದು. ವಿಶಾಖಾ ತೀರ್ಪು ಬರೆದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರೇ 2013ರ ಜನವರಿಯಲ್ಲಿ, 2012ರ ಡಿಸೆಂಬರ್‌ನ ದೆಹಲಿ ಸಾಮೂಹಿಕ ಅತ್ಯಾಚಾರದ ನಂತರ ರಚನೆಯಾದ ಸಮಿತಿಯ ಅಧ್ಯಕ್ಷರಾಗಿ ಬೇರೆಯೇ ಶಿಫಾರಸು ಕೊಟ್ಟರು. ದೂರನ್ನು ಸಂಸ್ಥೆಯ ಒಳಗೇ ನಿಭಾಯಿಸುವ ಏರ್ಪಾಡು ಮಹಿಳೆಯರನ್ನು ದೂರು ಕೊಡದಂತೆ ಹಿಂಜರಿಸುತ್ತದೆ, ಆದ್ದರಿಂದ ಪ್ರತ್ಯೇಕ ನ್ಯಾಯಮಂಡಳಿ ಬೇಕು ಎಂದು ಆ ಸಮಿತಿ ಹೇಳಿತು. ಹದಿನಾರು ವರ್ಷ ಹಿಂದೆ ಒಬ್ಬ ಹೊರಗಿನ ಸದಸ್ಯರನ್ನು ಸೇರಿಸಿದರೆ ಸಾಕೆಂದು ನಂಬಿದ್ದ ನ್ಯಾಯಮೂರ್ತಿಯೇ, ಅಷ್ಟು ಸಾಲದು ಎಂಬ ತೀರ್ಮಾನಕ್ಕೆ ಬಂದಿದ್ದರು. ಸಂಸತ್ತು ಆ ಸಲಹೆಯನ್ನು ಒಪ್ಪಲಿಲ್ಲ. ಕೆಲವೇ ವಾರಗಳಲ್ಲಿ ಅಂಗೀಕಾರವಾದ ಕಾಯ್ದೆಯಲ್ಲಿ ಆಂತರಿಕ ಸಮಿತಿಯೇ ಉಳಿಯಿತು. ಇಂದು ಕನ್ಸಲ್ಟೆಂಟ್ ಬೇಕೇ ಬೇಡವೇ ಎಂಬ ಚರ್ಚೆ ನಿಜವಾಗಿ ಅಂದು ಅರ್ಧಕ್ಕೆ ನಿಂತ ಆ ಚರ್ಚೆಯದೇ ಬಾಲ.

ಗೆರೆ ಬೀಳುವುದು ಎಲ್ಲಿ

ಕಾಯ್ದೆಯ ಪ್ರಕಾರ ವಿಚಾರಣೆಯ ಅಧಿಕಾರ ಸಮಿತಿಯದು. ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸುವ ವಿಷಯದಲ್ಲಿ ಅದಕ್ಕೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಕನ್ಸಲ್ಟೆಂಟ್‌ಗೆ ಅಂಥ ಯಾವ ಅಧಿಕಾರವೂ ಇಲ್ಲ. ಆದ್ದರಿಂದ ‘ಸಮಿತಿಗೆ ಮುಂಚೆ ಒಂದು ಪ್ರಾಥಮಿಕ ಸತ್ಯಶೋಧನೆ ಮಾಡಿಸೋಣ’ ಎಂದು ಆಡಳಿತ ಮಂಡಳಿ ಹೊರಗಿನವರನ್ನು ಕಳಿಸಿದರೆ ತೊಂದರೆ ಶುರು. ಹುಡುಗಿ ನಡೆದದ್ದನ್ನು ಒಮ್ಮೆ ಅವರಿಗೆ, ಇನ್ನೊಮ್ಮೆ ಸಮಿತಿಗೆ ಹೇಳಬೇಕಾಗುತ್ತದೆ. ಎರಡು ಹೇಳಿಕೆಗಳ ನಡುವೆ ದಿನಾಂಕವೋ ಮಾತಿನ ಕ್ರಮವೋ ಸ್ವಲ್ಪ ಬದಲಾದರೆ ಅದೇ ಅವಳ ವಿರುದ್ಧದ ವಾದವಾಗುತ್ತದೆ.

ಇದಕ್ಕಿಂತ ದೊಡ್ಡ ಅಸಮಾನತೆ ಇನ್ನೊಂದಿದೆ, ಅದರ ಬಗ್ಗೆ ಮಾತು ಕಡಿಮೆ. ಕಾಯ್ದೆಯಡಿ ರಚಿಸಿದ ನಿಯಮಗಳು ದೂರುದಾರೆಯಾಗಲೀ ಆರೋಪಿತನಾಗಲೀ ಸಮಿತಿಯ ಮುಂದೆ ವಕೀಲರನ್ನು ಕರೆತರುವಂತಿಲ್ಲ ಎನ್ನುತ್ತವೆ. ಹತ್ತೊಂಬತ್ತು ವರ್ಷದ ಹುಡುಗಿ ಒಬ್ಬಳೇ ಕೋಣೆಯೊಳಗೆ ಹೋಗಬೇಕು. ಅದೇ ಕೋಣೆಯಲ್ಲಿ ಕಾಲೇಜಿನಿಂದ ಶುಲ್ಕ ಪಡೆದ ವಕೀಲರೊಬ್ಬರು ‘ಸಲಹೆಗಾರ’ ಎಂಬ ಹೆಸರಿನಲ್ಲಿ ಕೂತು ಪ್ರಶ್ನೆ ಕೇಳಲು ಶುರುಮಾಡಿದರೆ, ನಿಯಮ ತಡೆಯಲು ಹೊರಟಿದ್ದ ಅಸಮತೋಲನವೇ ಹಿಂಬಾಗಿಲಿನಿಂದ ಒಳಗೆ ಬಂದಂತೆ. ಸಮಿತಿಗೆ ವಿಧಾನದ ಬಗ್ಗೆ ಸಲಹೆ ಬೇಕಿದ್ದರೆ ವಿಚಾರಣೆಯ ಹೊರಗೆ ಪಡೆಯಲಿ. ಹೇಳಿಕೆ ಪಡೆಯುವ ಹೊತ್ತಿನಲ್ಲಿ ಸದಸ್ಯರಲ್ಲದವರಿಗೆ ಆ ಕೋಣೆಯಲ್ಲಿ ಕೆಲಸವಿಲ್ಲ.

ನೀತಿ ಬರೆದವರೇ, ತರಬೇತಿ ಕೊಟ್ಟವರೇ, ಆಡಳಿತಕ್ಕೆ ಸಲಹೆ ಹೇಳುವವರೇ ಸಮಿತಿಯ ಹೊರಗಿನ ಸದಸ್ಯರಾಗುವುದೂ ಅಷ್ಟೇ ಅಪಾಯದ್ದು. ಹೊರಗಿನ ಸದಸ್ಯರ ಅರ್ಹತೆಯನ್ನು ನ್ಯಾಯಾಲಯಗಳು ಹಗುರವಾಗಿ ನೋಡುವುದಿಲ್ಲ. ವಿಮಾನಯಾನ ಸಂಸ್ಥೆಯೊಂದಕ್ಕೆ ಸಂಬಂಧಿಸಿದ 2018ರ ಪ್ರಕರಣದಲ್ಲಿ, ಹೊರಗಿನ ಸದಸ್ಯರು ಕಾಯ್ದೆ ಹೇಳುವ ಅರ್ಹತೆಯವರೆಂಬುದು ಸಾಬೀತಾಗದ ಕಾರಣ ಸಮಿತಿಯನ್ನು ಹೊಸದಾಗಿ ರಚಿಸುವಂತೆ ದೆಹಲಿ ಹೈಕೋರ್ಟ್ ಆದೇಶಿಸಿತು. ಒಬ್ಬ ಸದಸ್ಯರ ಆಯ್ಕೆಯಲ್ಲಿ ಎಡವಿದರೆ ಇಡೀ ಶ್ರಮ ನೀರುಪಾಲು.

ಹಾಗಾದರೆ ವಹಿಸಬಹುದಾದದ್ದು ಯಾವುದು? ಸದಸ್ಯರಿಗೆ ತರಬೇತಿ, ನೀತಿಯ ಕರಡು, ಕನ್ನಡದಲ್ಲೂ ಇತರ ಭಾಷೆಗಳಲ್ಲೂ ಅರಿವಿನ ಕೆಲಸ, ದೂರುದಾರೆಗೆ ಆಪ್ತ ಸಮಾಲೋಚನೆ. ಕೊನೆಯದನ್ನು ಕಾಲೇಜುಗಳು ಕೇಳುವುದು ಅಪರೂಪ, ಆದರೆ ಹೊರಗಿನ ನೆರವು ಎಲ್ಲಕ್ಕಿಂತ ಹೆಚ್ಚು ಬೇಕಿರುವುದು ಅಲ್ಲಿಯೇ. ತನ್ನದೇ ಕಾಲೇಜಿನ ಕೌನ್ಸೆಲರ್ ಹತ್ತಿರ ಮಾತಾಡಿದ್ದು ಪ್ರಾಂಶುಪಾಲರ ಕೋಣೆ ತಲುಪುತ್ತದೆ ಎಂಬ ಭಯ ಇರುವವಳಿಗೆ ಹೊರಗಿನ ಸಮಾಲೋಚಕಿ ನಿಜವಾದ ಆಸರೆ.

ವಹಿಸಲಾಗದ್ದು ಮಧ್ಯಂತರ ಪರಿಹಾರ. ಆರೋಪಿತ ಅಧ್ಯಾಪಕರು ದೂರುದಾರೆಯ ಉತ್ತರ ಪತ್ರಿಕೆ ನೋಡದಂತೆ, ಅಂಕ ಹಾಕದಂತೆ ತಡೆಯಬಹುದು, ಅವಳಿಗೆ ಮೂರು ತಿಂಗಳವರೆಗೆ ರಜೆ ಕೊಡಬಹುದು, ಅವಳಿಂದ ದೂರವಿರುವಂತೆ ಆರೋಪಿತನಿಗೆ ಕಟ್ಟಪ್ಪಣೆ ಮಾಡಬಹುದು ಎಂದು ಯುಜಿಸಿ ನಿಯಮ ಹೇಳುತ್ತದೆ. ಇದಕ್ಕೆ ಬೇಕಾದದ್ದು ಪರೀಕ್ಷಾ ವಿಭಾಗಕ್ಕೆ ಹೋಗುವ ಒಂದು ಪುಟದ ಆದೇಶ. ಅದಕ್ಕೆ ಸಹಿ ಹಾಕಬೇಕಾದವರು ಕಾಲೇಜಿನ ಒಳಗಿದ್ದಾರೆ. ‘ಕನ್ಸಲ್ಟೆಂಟ್ ವರದಿ ಬರಲಿ’ ಎಂದು ಕಾಯುವಷ್ಟರಲ್ಲಿ ಸೆಮಿಸ್ಟರ್ ಮುಗಿದು ಅಂಕಪಟ್ಟಿಯೇ ಬಂದಿರುತ್ತದೆ. ವಿಚಾರಣೆಗೆ 90 ದಿನ, ವರದಿ ಬಂದ ಮೇಲೆ ಕ್ರಮಕ್ಕೆ 30 ದಿನ ಎಂಬ ಗಡುವುಗಳು ಕಾಲೇಜಿನ ಮೇಲಿವೆ, ಕನ್ಸಲ್ಟೆಂಟ್ ಮೇಲಲ್ಲ.

ಅಮೆರಿಕದ ಮಾದರಿ ಇಲ್ಲಿ ಯಾಕೆ ಕೂರುವುದಿಲ್ಲ

ಕೆಲವು ತರಬೇತಿಗಳಲ್ಲಿ ಅಮೆರಿಕದ ಟೈಟಲ್ ನೈನ್ ಹೆಸರು ಕೇಳಿಬರುತ್ತದೆ. ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ 1972ರ ಆ ಕಾನೂನಿನಡಿ ಅಲ್ಲಿನ ವಿಶ್ವವಿದ್ಯಾಲಯಗಳು ತನಿಖೆಯನ್ನು, ತೀರ್ಪು ಹೇಳುವ ಕೆಲಸವನ್ನು ಸಹ ಹೊರಗಿನವರಿಗೆ ಕೊಡಬಹುದು. 2020ರ ನಿಯಮಗಳು ವಿಶ್ವವಿದ್ಯಾಲಯಗಳಲ್ಲಿ ನೇರ ವಿಚಾರಣೆ ನಡೆಯಬೇಕು, ಎರಡೂ ಕಡೆಯವರಿಗೆ ಸಲಹೆಗಾರರಿರಬೇಕು, ಪಾಟಿ ಸವಾಲು ಮಾಡುವವರು ಆ ಸಲಹೆಗಾರರೇ ಎಂದವು. 2024ರಲ್ಲಿ ತಂದ ಹೊಸ ನಿಯಮಗಳನ್ನು 2025ರ ಜನವರಿಯಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ರದ್ದು ಮಾಡಿದ್ದರಿಂದ 2020ರವೇ ಮತ್ತೆ ಜಾರಿಗೆ ಬಂದವು. ಇಷ್ಟು ಬೇಗ ನಿಯಮ ಬದಲಾಗುವ ಕಡೆ ಕನ್ಸಲ್ಟೆಂಟ್‌ಗಳಿಗೆ ಬೇಡಿಕೆ ಇರುವುದು ಅರ್ಥವಾಗುವಂಥದ್ದೇ. ಅಲ್ಲಿ ಸಲಹೆಗಾರರು ಇರಲೇಬೇಕು, ಇಲ್ಲಿ ವಕೀಲರು ಬರುವಂತೆಯೇ ಇಲ್ಲ. ಅಲ್ಲಿನ ಕೈಪಿಡಿಯನ್ನು ಇಲ್ಲಿ ನಕಲು ಮಾಡಿದ ಸಮಿತಿ ಮೊದಲ ರಿಟ್ ಅರ್ಜಿಯಲ್ಲೇ ಸೋಲುತ್ತದೆ.

ಒಂದೇ ಕಾಂಪೌಂಡಿನಲ್ಲಿ ಪಿಯು, ಪದವಿ

ಬೆಂಗಳೂರಿನಲ್ಲಿ ಪಿಯು ಮತ್ತು ಪದವಿ ಕಾಲೇಜು ಒಂದೇ ಆವರಣದಲ್ಲಿ ಇರುವುದು ಸಾಮಾನ್ಯ. ಗೇಟು ಒಂದೇ, ಕ್ಯಾಂಟೀನ್ ಒಂದೇ, ಎಷ್ಟೋ ಕಡೆ ಅಧ್ಯಾಪಕರೂ ಅವರೇ. ಆದರೆ ಪಿಯು ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹದಿನೆಂಟು ತುಂಬದವರು, ಅವರಿಗೆ ಅನ್ವಯಿಸುವುದು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ. ಅಪರಾಧ ನಡೆದದ್ದು ಗೊತ್ತಾದರೆ ಪೊಲೀಸರಿಗೆ ತಿಳಿಸುವುದು ಅಲ್ಲಿ ಆಯ್ಕೆಯ ಮಾತಲ್ಲ. ತಿಳಿಸದಿದ್ದರೆ ಅದೇ ಅಪರಾಧ, ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಾಗಬಹುದು. ‘ಮೊದಲು ನಮ್ಮ ತಜ್ಞರು ಪರಿಶೀಲಿಸಲಿ’ ಎಂಬ ಮಾತಿಗೆ ಇಲ್ಲಿ ಜಾಗವೇ ಇಲ್ಲ. ವಿಷಯ ಗೊತ್ತಾದ ಕನ್ಸಲ್ಟೆಂಟ್‌ಗೂ ಅದೇ ಹೊಣೆ ಅಂಟಿಕೊಳ್ಳುತ್ತದೆ. ಪದವಿ ವಿದ್ಯಾರ್ಥಿನಿಯ ವಿಷಯದಲ್ಲಿ ಪೊಲೀಸರ ಹತ್ತಿರ ಹೋಗಬೇಕೇ ಬೇಡವೇ ಎಂಬುದು ಅವಳ ನಿರ್ಧಾರ. ಹೋಗುತ್ತೇನೆ ಎಂದರೆ ನೆರವಾಗುವುದು ಸಂಸ್ಥೆಯ ಕರ್ತವ್ಯ.

ಫೈಲು ಯಾರ ಕಂಪ್ಯೂಟರ್‌ನಲ್ಲಿದೆ?

ದೂರುದಾರೆಯ ಹೆಸರು, ದೂರಿನ ವಿವರ, ವಿಚಾರಣೆಯ ಕಲಾಪ ಇವನ್ನು ಬಹಿರಂಗಪಡಿಸುವಂತಿಲ್ಲ ಎಂದು ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಉಲ್ಲಂಘನೆಗೆ ನಿಯಮದಲ್ಲಿರುವ ದಂಡ 5,000 ರೂಪಾಯಿ, ಒಬ್ಬ ಹುಡುಗಿಯ ಬದುಕಿನ ಎದುರು ಅದು ಏನೂ ಅಲ್ಲ. ಸ್ಕ್ರೀನ್‌ಶಾಟ್‌ಗಳು, ಆಡಿಯೊ, ಹೇಳಿಕೆಗಳು ಹೊರಗಿನ ಸಂಸ್ಥೆಯ ಡ್ರೈವ್‌ನಲ್ಲಿ ಕೂತಾಗ ಅವನ್ನು ಎಷ್ಟು ಜನ ತೆರೆಯಬಲ್ಲರು, ಒಪ್ಪಂದ ಮುಗಿದ ಮೇಲೆ ಅವು ಏನಾಗುತ್ತವೆ ಎಂಬುದನ್ನು ಬರಹದಲ್ಲಿ ಗಟ್ಟಿಮಾಡಿಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತತ್ವವೂ ಇದೇ ದಿಕ್ಕಿನದು: ದತ್ತಾಂಶ ನಿಭಾಯಿಸಲು ಯಾರನ್ನೇ ನೇಮಿಸಿಕೊಂಡರೂ, ಅವರು ಮಾಡಿದ್ದಕ್ಕೆ ಉತ್ತರ ಕೊಡಬೇಕಾದವರು ನೇಮಿಸಿಕೊಂಡವರೇ.

ದೂರು ಮಾಲೀಕರ ಮೇಲೆಯೇ ಇದ್ದರೆ

ಖಾಸಗಿ ಟ್ರಸ್ಟ್‌ಗಳು ನಡೆಸುವ ಕಾಲೇಜುಗಳು ಈ ನಗರದಲ್ಲಿ ತುಂಬ ಇವೆ. ಟ್ರಸ್ಟಿನ ಅಧ್ಯಕ್ಷರೋ ಕಾರ್ಯದರ್ಶಿಯೋ ಕಾಲೇಜಿನ ದೈನಂದಿನ ವ್ಯವಹಾರವನ್ನು ತಾವೇ ನಡೆಸುವುದುಂಟು. ದೂರು ಅವರ ಮೇಲೆಯೇ ಬಂದರೆ ಕನ್ಸಲ್ಟೆಂಟ್‌ಗೆ ಹಣ ಕೊಡುವವರೂ ಆರೋಪಿತರೂ ಒಬ್ಬರೇ ಆಗುತ್ತಾರೆ. ಕನ್ಸಲ್ಟೆಂಟ್ ಎಷ್ಟೇ ಪ್ರಾಮಾಣಿಕರಿರಲಿ, ಅಂಥ ಸ್ಥಿತಿಯಲ್ಲಿ ಅವರ ಸಲಹೆಯನ್ನು ನಂಬು ಎಂದು ವಿದ್ಯಾರ್ಥಿನಿಗೆ ಹೇಳುವುದು ಹೇಗೆ? ಕಾಯ್ದೆ ಇದನ್ನು ಮೊದಲೇ ಊಹಿಸಿ ದಾರಿ ಇಟ್ಟಿದೆ. ದೂರು ಉದ್ಯೋಗದಾತರ ವಿರುದ್ಧವೇ ಇದ್ದರೆ ಅದು ಆಂತರಿಕ ಸಮಿತಿಗೆ ಹೋಗುವುದಿಲ್ಲ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ. ಅದರ ಸದಸ್ಯರು ಆ ಕಾಲೇಜಿನ ಸಂಬಳದವರಲ್ಲ, ಶುಲ್ಕ ಪಡೆದವರೂ ಅಲ್ಲ. ದೂರು ಕೊಡಬೇಕಾದ ಗಡುವು ಘಟನೆ ನಡೆದು ಮೂರು ತಿಂಗಳು. ತಡವಾದದ್ದಕ್ಕೆ ತಕ್ಕ ಕಾರಣವಿದೆ ಎಂದು ಮನವರಿಕೆಯಾದರೆ, ಅದನ್ನು ಬರಹದಲ್ಲಿ ದಾಖಲಿಸಿ ಇನ್ನೂ ಮೂರು ತಿಂಗಳವರೆಗೆ ವಿಸ್ತರಿಸುವ ಅಧಿಕಾರ ಸಮಿತಿಗಿದೆ. ಬರಹದಲ್ಲಿ ದೂರು ಕೊಡಲು ಆಗದವಳಿಗೆ ಬರೆದುಕೊಡುವ ನೆರವನ್ನೂ ಆ ಸಮಿತಿಯೇ ಒದಗಿಸಬೇಕು. ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆಂತರಿಕ ಸಮಿತಿಯ ಹೆಸರುಗಳ ಕೆಳಗೆ ಈ ಸ್ಥಳೀಯ ಸಮಿತಿಯ ವಿಳಾಸ, ಫೋನ್ ನಂಬರ್ ಕನ್ನಡದಲ್ಲಿ ಇದೆಯೇ ಎಂದು ಈ ವರ್ಷ ಸೇರಿದ ಯಾವ ವಿದ್ಯಾರ್ಥಿ ಬೇಕಾದರೂ ಹೋಗಿ ನೋಡಬಹುದು.